ಒಂದು ದಿನ ಒಬ್ಬರೇ ನಡೆಯಿರಿ

ಹೊರದೇಶಕ್ಕೆ ಹೊರಟಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹುಡುಗ–ಹುಡುಗಿಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,



ಓದಲಿಕ್ಕೋ ದುಡಿಯಲಿಕ್ಕೋ ಪರದೇಶಕ್ಕೆ ಹೊರಟು ನಿಂತವರು ನೀವು. ಕೆಲವರ ಕೈಗೆ ವೀಸಾ ಬಂದಿದೆ, ಇನ್ನು ಕೆಲವರದು ಬ್ಯಾಂಕಿನ ಸಾಲದ ಕಾಗದಪತ್ರದಲ್ಲಿ ನಿಂತಿದೆ. ಮನೆಯಲ್ಲಿ ಅವ್ವ ಖಡಕ್ ರೊಟ್ಟಿ ಬಡಿದು ಅಟ್ಟಿ ಒಟ್ಟುತ್ತಿದ್ದಾಳೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿ ಡಬ್ಬಿ ತುಂಬುತ್ತಿದ್ದಾಳೆ. ಅಪ್ಪ ಸೂಟ್‌ಕೇಸನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ತಂದಿದ್ದಾನೆ. ಬೀಳ್ಕೊಡಲು ಬಂದ ಕಾಕಾ, ಮಾಮಾ, ಅತ್ತೆ ಎಲ್ಲರ ಬಾಯಲ್ಲೂ ಒಂದೇ ಮಾತು: “ಹೊಸಾ ಊರು, ಒಬ್ಬರ ಎಲ್ಲೂ ತಿರಗಾಕ ಹೋಗಬ್ಯಾಡ್ರಿ.”

ಆ ಮಾತಿನ ಹಿಂದಿನ ಅಂತಃಕರಣ ನನಗೆ ಗೊತ್ತು. ನಾನೂ ಸವದತ್ತಿ ಸೀಮೆಯ ಹಳ್ಳಿಯಲ್ಲೇ ಬೆಳೆದವಳು, ಅದೇ ಮಾತು ಕೇಳಿಸಿಕೊಂಡೇ ಊರು ಬಿಟ್ಟವಳು. ಆದರೂ ನಿಮ್ಮ ಊರಿನ ಅಕ್ಕನಾಗಿ ನಾನು ಹೇಳುವುದು ಬೇರೆಯದೇ ಮಾತು. ಹೋದ ಊರಿನಲ್ಲಿ ಒಂದು ಇಡೀ ದಿನ ನಿಮಗಾಗಿ ತೆಗೆದಿಡಿ. ಬೆನ್ನಿಗೊಂದು ಚೀಲ ಹಾಕಿಕೊಳ್ಳಿ. ಯಾರನ್ನೂ ಕರೆಯಬೇಡಿ, ಯಾರಿಗೂ ಕಾಯಬೇಡಿ. ಮುಂಜಾನೆಯಿಂದ ಹೊತ್ತು ಮುಳುಗುವ ತನಕ ಆ ಊರನ್ನು ಒಬ್ಬರೇ ನಡೆದು ನೋಡಿ. ನಾಲ್ಕು ಸೆಮಿಸ್ಟರ್ ಕಲಿಸದ್ದನ್ನು ಆ ಒಂದು ದಿನ ಕಲಿಸುತ್ತದೆ.

ಒಂಟಿ ತಿರುಗಾಟ ನಮ್ಮ ಸೀಮೆಗೆ ಹೊರಗಿನಿಂದ ಬಂದದ್ದಲ್ಲ. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂದರೆ ಸವದತ್ತಿಯ ದಾರಿಗಳನ್ನು ನೋಡಿ. ಚಕ್ಕಡಿ ಕಟ್ಟಿಕೊಂಡು ಬಂದವರ ನಡುವೆ, ತಲೆಯ ಮೇಲೆ ಬುತ್ತಿಗಂಟು ಇಟ್ಟುಕೊಂಡು ಒಬ್ಬಳೇ ನಡೆದು ಬಂದ ಮುದುಕಿಯರು ಕಾಣುತ್ತಾರೆ. ಮಹಾರಾಷ್ಟ್ರದ ಯಾವುದೋ ಹಳ್ಳಿಯಿಂದ ಹೊರಟು, ಕನ್ನಡದ ಒಂದು ಅಕ್ಷರ ಬಾರದಿದ್ದರೂ ದಾರಿ ಕೇಳುತ್ತ, ಜೋಗುಳಬಾವಿಯಲ್ಲಿ ಮಿಂದು, “ಉಧೋ ಉಧೋ” ಎನ್ನುತ್ತ ಯಲ್ಲಮ್ಮನ ಗುಡ್ಡ ಹತ್ತುವವರು ಅವರು. ಭಾಷೆ ಬಾರದ ಊರಿನಲ್ಲಿ ನಡೆಯುವ ಧೈರ್ಯ ಏನೆಂದು ತಿಳಿಯಲು ಪುಸ್ತಕ ಬೇಕಿಲ್ಲ, ಆ ಮುದುಕಿಯನ್ನು ನೋಡಿದರೆ ಸಾಕು. 2023ರ ಜೂನ್ 11ರಂದು ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲಂತೂ ನಮ್ಮ ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಒಂದನ್ನೇ ಹಿಡಿದು ಕೆಂಪು ಬಸ್ಸು ಹತ್ತುತ್ತಿದ್ದಾರೆ. ಹೊಲಮನೆ ಬಿಟ್ಟು ಹೊರಗೆ ಹೋಗದಿದ್ದ ಎಷ್ಟೋ ಹೆಂಗಸರು ತಮ್ಮದೇ ಮನಸ್ಸಿನಿಂದ, ತಮ್ಮದೇ ಹೊತ್ತಿಗೆ ಊರು ನೋಡಿದ್ದಾರೆ. ನೀವು ಅವರ ಮಕ್ಕಳು.

ಕನ್ನಡದಲ್ಲಿ ಹೀಗೆ ತಿರುಗಿ ಬರೆದವರೂ ಕಡಿಮೆ ಇಲ್ಲ. ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋಗಿ ‘ಸಮುದ್ರದಾಚೆಯಿಂದ’ ಬರೆದರು. ಶಿವರಾಮ ಕಾರಂತರು ಯುರೋಪು ಸುತ್ತಿ ‘ಅಪೂರ್ವ ಪಶ್ಚಿಮ’ ಕೊಟ್ಟರು. ನೇಮಿಚಂದ್ರ ಗೆಳತಿಯ ಜೊತೆ ದೂರದ ಪೆರು ದೇಶಕ್ಕೆ ಹೋಗಿಬಂದು ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಬರೆದರು. ಹೊರಡುವ ಮುಂಚೆ ಇವುಗಳಲ್ಲಿ ಒಂದನ್ನಾದರೂ ಓದಿ. ಕಂಡದ್ದನ್ನೆಲ್ಲ ನಮ್ಮ ಭಾಷೆಯಲ್ಲಿ ಹೇಳಬಹುದು ಎಂಬ ಧೈರ್ಯ ಬರುತ್ತದೆ.

ನೀವು ಹೋಗುವ ಊರು ಡಬ್ಲಿನ್ ಇರಬಹುದು, ಬರ್ಲಿನ್, ಮೆಲ್ಬರ್ನ್, ದುಬೈ ಇರಬಹುದು. ನಾನು ಒಬ್ಬಳೇ ಬೆನ್ನಚೀಲ ಹಾಕಿಕೊಂಡು ಕಾಲು ನೋಯುವಷ್ಟು ನಡೆದ ಊರು ಲಂಡನ್, ಅದಕ್ಕೇ ಅದನ್ನೇ ಉದಾಹರಣೆಗೆ ಹಿಡಿದು ಹೇಳುತ್ತೇನೆ. ಇನ್ನೊಂದು ಕಾರಣವೂ ಇದೆ. ಕಿತ್ತೂರು ನಾಡಿನವರಿಗೆ ಆ ಊರಿನ ಮೇಲೆ ಒಂದು ಹಳೆಯ ಲೆಕ್ಕವಿದೆ. ಅದನ್ನು ಗೋಪುರಗಳ ಮುಂದೆ ಸೆಲ್ಫಿ ತೆಗೆಸಿಕೊಂಡು ತೀರಿಸಲಾಗದು, ನಡೆದು ತೀರಿಸಬೇಕು.

ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಶುರು ಮಾಡಿ. ಅಲ್ಲಿಂದ ದಕ್ಷಿಣಕ್ಕೆ ಥೇಮ್ಸ್ ನದಿ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ವರೆಗೆ ಐದಾರು ಕಿಲೋಮೀಟರ್ ಆಗುತ್ತದೆ, ಸವದತ್ತಿ ಪೇಟೆಯಿಂದ ಯಲ್ಲಮ್ಮನ ಗುಡ್ಡಕ್ಕೆ ನಡೆದಷ್ಟೇ. ಮೂಲೆಮೂಲೆಗೆ ಆಳೆತ್ತರದ ನಕ್ಷೆಯ ಕಂಬಗಳಿವೆ. ಅವುಗಳ ಮುಂದೆ ಒಂದು ಗಳಿಗೆ ನಿಲ್ಲಿ. ಉತ್ತರ ದಿಕ್ಕು ಮೇಲಿರಬೇಕೆಂಬ ನಿಯಮ ಆ ನಕ್ಷೆಗಳಿಗಿಲ್ಲ. ನೀವು ಯಾವ ಕಡೆ ಮುಖ ಮಾಡಿ ನಿಂತಿದ್ದೀರೋ ಆ ಕಡೆಯದೇ ನಕ್ಷೆಯ ಮೇಲ್ಭಾಗದಲ್ಲಿರುತ್ತದೆ. ನಿಮ್ಮ ಸುತ್ತ ಐದು ನಿಮಿಷ ನಡೆದರೆ ಎಲ್ಲಿಗೆ, ಹದಿನೈದು ನಿಮಿಷ ನಡೆದರೆ ಎಲ್ಲಿಗೆ ಎಂದು ದುಂಡಗೆ ಗೆರೆ ಎಳೆದಿರುತ್ತಾರೆ. ಗೊತ್ತಿಲ್ಲದವನು ಬಂದು ನಿಲ್ಲುತ್ತಾನೆ, ಅವನಿಗೆ ದಾರಿ ತಿಳಿಯಬೇಕು ಎಂದು ಯಾರೋ ಕೂತು ಯೋಚನೆ ಮಾಡಿದ್ದಾರೆ. ನಮ್ಮ ಬಸ್‌ಸ್ಟ್ಯಾಂಡುಗಳಲ್ಲೂ, ನಮ್ಮ ಕೋಟೆಗಳ ಬಾಗಿಲಲ್ಲೂ ಇಂಥದ್ದೊಂದು ಇರಬೇಕಿತ್ತಲ್ಲ ಎಂದು ನಿಮಗೆ ಅನ್ನಿಸಲಿ. ಹಾಗೆ ಅನ್ನಿಸುವುದರಿಂದಲೇ ತಿರುಗಾಟಕ್ಕೆ ಬೆಲೆ.

ನಿಲ್ದಾಣದ ಮಗ್ಗುಲಲ್ಲೇ, ಯೂಸ್ಟನ್ ರಸ್ತೆಯ ಮೇಲೆ ಕೆಂಪು ಇಟ್ಟಿಗೆಯ ಬ್ರಿಟಿಷ್ ಲೈಬ್ರರಿ ಇದೆ. ಈಸ್ಟ್ ಇಂಡಿಯಾ ಕಂಪನಿಯ ದಫ್ತರಗಳೆಲ್ಲ ಈಗ ಅದರ ಹೊಟ್ಟೆಯಲ್ಲಿವೆ. ಇಂಡಿಯಾ ಆಫೀಸ್ ದಾಖಲೆಗಳೆಂದು ಅವುಗಳಿಗೆ ಹೆಸರು. ಕಪಾಟುಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು 14 ಕಿಲೋಮೀಟರ್ ಉದ್ದ. 1824ರ ಕಿತ್ತೂರು ಯುದ್ಧದ ಸುದ್ದಿ ಹಡಗು ಹತ್ತಿ ಬಂದು ಮುಟ್ಟಿದ್ದು ಲೀಡನ್‌ಹಾಲ್ ಬೀದಿಯ ಕಂಪನಿ ಕಚೇರಿಗೆ. ಆ ಕಟ್ಟಡವನ್ನು 1861ರಲ್ಲಿ ಕೆಡವಿಹಾಕಿದರು. ಕಾಗದಗಳು ಮಾತ್ರ ಉಳಿದುಕೊಂಡವು. ಗುರುತಿನ ಚೀಟಿ, ವಿಳಾಸದ ಪುರಾವೆ ತೋರಿಸಿದರೆ ಓದುಗರ ಪಾಸು ಪುಕ್ಕಟೆ ಸಿಗುತ್ತದೆ. ಹಾಸ್ಟೆಲಿನ ವಿಳಾಸವಿರುವ ವಿದ್ಯಾರ್ಥಿಗಳು ಮೊದಲ ತಿಂಗಳೇ ಆ ಪಾಸು ಮಾಡಿಸಿಕೊಳ್ಳಿ. ಇಂಥ ಜಾಗ ಕಾಲೇಜಿನ ಪ್ರೊಫೆಸರುಗಳಿಗಷ್ಟೇ ಎಂದು ತಿಳಿಯಬೇಡಿ. ಬೈಲಹೊಂಗಲದ ಹತ್ತಿ ಬೆಳೆಗಾರನ ಮಗಳು ಅಲ್ಲಿ ಕೂತು ನಮ್ಮ ಸೀಮೆಯ ಹಳೆಯ ಕಾಗದ ಓದುವ ದಿನ ಬರಬೇಕು.

ಅದೇ ಲೈಬ್ರರಿಯಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಎಂಬ ಪತ್ರಿಕೆಯ ಹಳೆಯ ಸಂಪುಟಗಳಿವೆ. ಬೆಳಗಾವಿ ಸೀಮೆಯಲ್ಲಿ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ನಮ್ಮ ಹಾಡುಗಾರರ ಬಾಯಿಂದ ಬಂದ ಲಾವಣಿಗಳನ್ನು ಅದರಲ್ಲಿ ಅಚ್ಚು ಹಾಕಿಸಿದರು. ಅವುಗಳಲ್ಲಿ ಒಂದು ಸಂಗೊಳ್ಳಿ ರಾಯಣ್ಣನದು, ಇನ್ನೊಂದು ಬೈಲಹೊಂಗಲದ ಸಂಗ್ಯಾನದು. ನಮ್ಮ ಜಾತ್ರೆಯ ಅಟ್ಟದ ಮೇಲೆ ರಾತ್ರಿಯಿಡೀ ಆಡುವ ಸಂಗ್ಯಾ–ಬಾಳ್ಯಾನ ಕತೆ ನೂರಾ ಮೂವತ್ತು ವರ್ಷಕ್ಕೂ ಹಿಂದೆಯೇ ಅಚ್ಚಾಗಿ ಆ ಊರಿನ ಕಪಾಟು ಸೇರಿತು.

ಲೈಬ್ರರಿ ಬಿಟ್ಟು ದಕ್ಷಿಣಕ್ಕೆ ಸ್ವಲ್ಪ ನಡೆದರೆ ಟ್ಯಾವಿಸ್ಟಾಕ್ ಸ್ಕ್ವೇರ್ ಎಂಬ ಸಣ್ಣ ಉದ್ಯಾನ. ನಡುವೆ ಗಾಂಧೀಜಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಆ ಮೂರ್ತಿ ಬಂದದ್ದು 1968ರಲ್ಲಿ. ಕೂತ ಪೀಠದಲ್ಲಿ ಒಂದು ಪೊಳ್ಳು ಬಿಟ್ಟಿದ್ದಾರೆ, ಬಂದವರು ಅದರಲ್ಲಿ ಹೂವು ಇಟ್ಟು ಹೋಗುತ್ತಾರೆ. 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಕೂತ ಗಾಂಧಿ ನಮಗೆ ಗೊತ್ತು. ಆ ಉದ್ಯಾನದ ಬೆಂಚಿನ ಮೇಲೆ ಕೂತು ನೀವು ನೆನೆಯಬೇಕಾದ ಗಾಂಧಿ ಬೇರೆ. 1888ರಲ್ಲಿ ಹಡಗಿನಿಂದ ಇಳಿದಾಗ ಅವರಿಗೆ ಹದಿನೆಂಟು ಹತ್ತೊಂಬತ್ತರ ಹರೆಯ, ಅಂದರೆ ನಿಮ್ಮದೇ ವಯಸ್ಸು. ಊರು ಬಿಡುವಾಗ ತಾಯಿಗೆ ಮಾಂಸ ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದರು. ಹೊಟ್ಟೆ ತುಂಬುವ ಊಟ ಹುಡುಕಿಕೊಂಡು ದಿನಕ್ಕೆ ಹತ್ತು ಹನ್ನೆರಡು ಮೈಲಿ ಒಬ್ಬರೇ ಅಲೆಯುತ್ತಿದ್ದೆನೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಾಗೆ ಅಲೆಯುತ್ತಲೇ ಫ್ಯಾರಿಂಗ್‌ಡನ್ ಬೀದಿಯಲ್ಲಿ ಸಸ್ಯಾಹಾರದ ಖಾನಾವಳಿಯೊಂದು ಕಣ್ಣಿಗೆ ಬಿತ್ತು. ಅಲ್ಲಿಂದ ಸಸ್ಯಾಹಾರಿಗಳ ಸಂಘ, ಸಂಘದಿಂದ ಗೆಳೆಯರು, ಗೆಳೆಯರಿಂದ ಪುಸ್ತಕಗಳು. ಒಬ್ಬ ನಾಚಿಕೆಯ ಹುಡುಗ ಆ ದೊಡ್ಡ ಊರಿನಲ್ಲಿ ತನ್ನ ಜಾಗ ಕಂಡುಕೊಂಡದ್ದು ಕಾಲಿನಿಂದ.

ಮೊದಲ ತಿಂಗಳುಗಳಲ್ಲಿ ನಿಮಗೂ ಹಸಿವಿನ ಜೊತೆ ಇನ್ನೊಂದು ಸಂಕಟ ಕಾಡುತ್ತದೆ. ಕೋಣೆಯ ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕೂತು ಊರಿನ ವಿಡಿಯೊ ನೋಡುತ್ತ ಅಳು ಬರುವ ಒಂಟಿತನ ಅದು. ಪರದೇಶದಲ್ಲಿರುವ ನಮ್ಮ ಮಕ್ಕಳು ಅದನ್ನು ಮನೆಗೆ ಹೇಳುವುದಿಲ್ಲ. ಸಾಲ ಮಾಡಿ ಕಳಿಸಿದ ಅಪ್ಪನಿಗೆ ಯಾಕೆ ನೋವು ಕೊಡಬೇಕು ಎಂದು ನುಂಗಿಕೊಳ್ಳುತ್ತಾರೆ. ಕೋಣೆಯೊಳಗಿನ ಒಂಟಿತನಕ್ಕೂ ಬೀದಿಯಲ್ಲಿ ಒಬ್ಬರೇ ನಡೆಯುವುದಕ್ಕೂ ಬಹಳ ಅಂತರ. ಮೊದಲನೆಯದರಲ್ಲಿ ಊರು ನಿಮ್ಮನ್ನು ಹೊರಗಿಟ್ಟಂತೆ ಅನ್ನಿಸುತ್ತದೆ. ನಡೆಯತೊಡಗಿದರೆ ಬೆಂಚು, ಮರ, ಬಸ್ಸಿನ ನಂಬರು, ರೊಟ್ಟಿ ಅಂಗಡಿಯ ಮುದುಕ ಒಂದೊಂದಾಗಿ ಗುರುತಿನವರಾಗುತ್ತಾರೆ. ಮನಸ್ಸು ತೀರ ಕುಗ್ಗಿದರೆ ಕಾಲೇಜಿನ ಸಲಹೆಗಾರರ ಹತ್ತಿರ ಹೋಗಿ, ಮನೆಯವರಿಗೂ ಹೇಳಿ. ಆ ಮಟ್ಟಕ್ಕೆ ಮುಟ್ಟುವ ಮುಂಚೆ ನಡಿಗೆಯನ್ನು ರೂಢಿ ಮಾಡಿಕೊಳ್ಳಿ.

ಮುಂದಿನ ಗೋರ್ಡನ್ ಸ್ಕ್ವೇರಿನಲ್ಲಿ ತಂಗಿಯರು ತಪ್ಪದೆ ನಿಲ್ಲಬೇಕು. ಅಲ್ಲಿ ನೂರ್ ಇನಾಯತ್ ಖಾನ್ ಎಂಬ ಹೆಣ್ಣುಮಗಳ ಎದೆಮಟ್ಟದ ಮೂರ್ತಿಯಿದೆ, 2012ರಲ್ಲಿ ಇಟ್ಟದ್ದು. ಟಿಪ್ಪು ಸುಲ್ತಾನನ ವಂಶದವಳು. ಎರಡನೇ ಮಹಾಯುದ್ಧದಲ್ಲಿ, 1943ರ ಜೂನ್ ತಿಂಗಳಲ್ಲಿ, ನಾಜಿಗಳ ಕೈಯಲ್ಲಿದ್ದ ಫ್ರಾನ್ಸಿಗೆ ರೇಡಿಯೊ ಸಂದೇಶ ಕಳಿಸುವ ಗುಪ್ತ ಕೆಲಸಕ್ಕೆ ಹೋದಳು. ಜೊತೆಗಾರರು ಒಬ್ಬೊಬ್ಬರೇ ಸಿಕ್ಕಿಬಿದ್ದರೂ ಪ್ಯಾರಿಸ್ಸಿನಲ್ಲಿ ಜಾಗ ಬದಲಿಸುತ್ತ ಒಬ್ಬಳೇ ಕೆಲಸ ಮುಂದುವರಿಸಿದಳು. 1944ರ ಸೆಪ್ಟೆಂಬರಿನಲ್ಲಿ ನಾಜಿಗಳು ಅವಳನ್ನು ದಾಖಾವ್ ಶಿಬಿರದಲ್ಲಿ ಕೊಂದರು. ನಮ್ಮ ನೆಲದ ಬೇರಿನ ಒಬ್ಬ ಹೆಣ್ಣುಮಗಳು ಪರಕೀಯ ಊರಿನಲ್ಲಿ ಒಬ್ಬಳೇ ನಿಂತದ್ದು ಹೀಗೆ.

ಇನ್ನು ಹತ್ತು ನಿಮಿಷ ನಡೆದರೆ ಬ್ರಿಟಿಷ್ ಮ್ಯೂಜಿಯಂ. 1753ರಲ್ಲಿ ಹುಟ್ಟಿದ ಸಂಸ್ಥೆ, ಒಳಗೆ ಹೋಗಲು ದುಡ್ಡಿಲ್ಲ. ಬಾಗಿಲಲ್ಲಿ ಚೀಲ ತಪಾಸಣೆ ಮಾಡುತ್ತಾರೆ, ಬೆನ್ನಚೀಲ ಸಣ್ಣದಿರಲಿ. ಎಲ್ಲವನ್ನೂ ನೋಡಿಬಿಡುತ್ತೇನೆಂದು ಓಡಾಡಿದರೆ ಕಾಲು ನೋವೊಂದೇ ಉಳಿಯುತ್ತದೆ. ನೀವು ನೇರ ಅಮರಾವತಿ ಶಿಲ್ಪಗಳ ಕೋಣೆಗೆ ಹೋಗಿ. ನಂಬರು 33ಎ. ಗಾಜಿನ ಹಿಂದೆ ಬಿಳಿಚು ಸುಣ್ಣಕಲ್ಲಿನ ಚಪ್ಪಡಿಗಳು ಸಾಲಾಗಿ ನಿಂತಿವೆ, ಆಂಧ್ರದ ಕೃಷ್ಣಾ ದಂಡೆಯ ದೊಡ್ಡ ಸ್ತೂಪವೊಂದರಿಂದ ಬಂದವು. ಅವುಗಳಲ್ಲಿ ಒಂದು ಚಪ್ಪಡಿಯ ಎರಡು ಮುಖವನ್ನೂ ನೋಡಬಹುದು. ಒಂದು ಮುಖದಲ್ಲಿ ಬೋಧಿವೃಕ್ಷ, ಅದರ ಕೆಳಗೆ ಖಾಲಿ ಸಿಂಹಾಸನ, ಸುತ್ತ ಕೈಮುಗಿದ ಜನ. ಬುದ್ಧನನ್ನು ಮನುಷ್ಯರೂಪದಲ್ಲಿ ಕಡೆಯದಿದ್ದ ಕಾಲದ ಕೆತ್ತನೆ ಅದು. ಕೆಲವು ನೂರು ವರ್ಷಗಳ ಮೇಲೆ ಅದೇ ಕಲ್ಲನ್ನು ತಿರುವಿ ಹಾಕಿ ಹಿಂಬದಿಗೆ ಇಡೀ ಸ್ತೂಪವನ್ನೇ ಕೆತ್ತಿದ್ದಾರೆ.

ಈ ಕಲ್ಲುಗಳನ್ನು ಒಂದು ಕಾಲಕ್ಕೆ ‘ಎಲಿಯಟ್ ಮಾರ್ಬಲ್ಸ್’ ಎನ್ನುತ್ತಿದ್ದರು. ಈ ಎಲಿಯಟ್ ಯಾರು? ಕಿತ್ತೂರಿನವರಿಗೆ ಇವನು ಹೊಸಬನಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದ ಕತೆ, ಅಮಟೂರು ಬಾಳಪ್ಪನ ಗುಂಡಿನ ಕತೆ ನಮ್ಮ ಕೂಸುಗಳಿಗೂ ಬಾಯಿಪಾಠ. ಅದೇ ದಿನ ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಸೆರೆ ಸಿಕ್ಕರು. ಆ ವಾಲ್ಟರ್ ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಆರು ವಾರ ಸೆರೆಯಲ್ಲಿದ್ದ. ರಾಣಿ ಚೆನ್ನಮ್ಮ ಅವರ ಕೂದಲೂ ಕೊಂಕದಂತೆ ನೋಡಿಕೊಂಡು ಬಿಟ್ಟುಕೊಟ್ಟಳು. ಆ ಹುಡುಗ ಮುಂದೆ ನಮ್ಮ ಸೀಮೆಯಲ್ಲೇ ವರ್ಷಗಟ್ಟಲೆ ಇದ್ದು, ಗುಡಿಗುಂಡಾರಗಳ ಕಲ್ಲುಬರಹಗಳನ್ನು ನಕಲು ಮಾಡಿಸಿದ. ಹಾಗೆ ಕೂಡಿಸಿದವುಗಳಲ್ಲಿ ಆರಿಸಿದ 595 ಶಾಸನಗಳ ಪ್ರತಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿ ಸೇರಿತು. ಫ್ಲೀಟ್ ಮುಂತಾದವರು ಚಾಲುಕ್ಯರ, ಸವದತ್ತಿ ರಟ್ಟರ, ಗೋವೆಯ ಕದಂಬರ ಚರಿತ್ರೆ ಕಟ್ಟುವಾಗ ಆ ನಕಲುಗಳನ್ನು ತಿರುವಿ ಹಾಕಿದರು. 1845ರಲ್ಲಿ ಎಲಿಯಟ್ ಅಮರಾವತಿಯಲ್ಲಿ ಅಗೆಸಿದ. ಆ ಕಲ್ಲುಗಳು ಮದ್ರಾಸಿನಲ್ಲಿ ಬಿದ್ದಿದ್ದು 1859ರಲ್ಲಿ ಹಡಗು ಹತ್ತಿದವು. ನೀವು ಈಗ ಅವುಗಳ ಮುಂದೆ ನಿಂತಿದ್ದೀರಿ.

ಎಲಿಯಟ್‌ನನ್ನು ಹೊಗಳಲು ಇಷ್ಟು ಬರೆಯುತ್ತಿಲ್ಲ. ಅವನು ಆಳುವವನಾಗಿ ಬಂದವನು. ಅಧಿಕಾರ ಬೆನ್ನಿಗಿತ್ತು, ಕಲ್ಲುಗಳನ್ನು ಎತ್ತಿ ಒಯ್ಯುವ ಬಲವಿತ್ತು. ಆ ಬಲ ನ್ಯಾಯವಾದದ್ದಲ್ಲ. ಆದರೆ ಪರದೇಶದ ಒಂದು ಹಳ್ಳಿಯಲ್ಲಿ ಪಾಚಿ ಹಿಡಿದ ಕಲ್ಲಿನ ಮುಂದೆ ನಿಂತು, ಇದರ ಮೇಲೆ ಏನು ಬರೆದಿದೆ ಎಂದು ಕೇಳಿದ. ಉತ್ತರ ಸಿಗುವ ತನಕ ಬಿಡಲಿಲ್ಲ. ಅದೇ ಕಲ್ಲಿಗೆ ನಾವು ಬೆನ್ನು ಆನಿಸಿ ಕೂತು ಹರಟೆ ಹೊಡೆದಿದ್ದೇವೆ, ಎಮ್ಮೆ ಕಟ್ಟಿದ್ದೇವೆ. ಹೊಸ ಊರಿಗೆ ಹೋದಾಗ ನಿಮಗೆ ಅಧಿಕಾರ ಬೇಕಿಲ್ಲ. ಕೇಳುವ ಆಸೆ ಬೇಕು, ಕೇಳಿದ್ದನ್ನು ಬರೆದಿಡುವ ಶಿಸ್ತು ಬೇಕು.

ಮ್ಯೂಜಿಯಂ ಬಿಟ್ಟು ದಕ್ಷಿಣಕ್ಕೆ ಇಳಿದರೆ ವಾಟರ್‌ಲೂ ಸೇತುವೆ ಸಿಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಗಂಡಸರು ಸೈನ್ಯಕ್ಕೆ ಹೋದಾಗ ಅದನ್ನು ಕಟ್ಟಿದವರಲ್ಲಿ ಬಹಳಷ್ಟು ಮಂದಿ ಹೆಂಗಸರು. ಅದಕ್ಕೇ ಜನ ಅದನ್ನು ಹೆಂಗಸರ ಸೇತುವೆ ಎನ್ನುತ್ತಾರೆ. ನಡುಸೇತುವೆಯಲ್ಲಿ ನಿಂತರೆ ಒಂದು ಕಡೆ ಸೇಂಟ್ ಪಾಲ್ ಚರ್ಚಿನ ಗುಮ್ಮಟ, ಇನ್ನೊಂದು ಕಡೆ ಪಾರ್ಲಿಮೆಂಟು. ಸೇತುವೆ ದಾಟಿ ನದಿಯ ದಂಡೆ ಹಿಡಿದು ಬಲಕ್ಕೆ ನಡೆಯಿರಿ. ವೆಸ್ಟ್‌ಮಿನ್‌ಸ್ಟರ್ ಸೇತುವೆ ಹತ್ತದೆ ಅದನ್ನು ಹಾದುಹೋದ ಮೇಲೆ, ಸೇಂಟ್ ಥಾಮಸ್ ಆಸ್ಪತ್ರೆಯ ಪಕ್ಕದ ಗೋಡೆಯ ಮೇಲೆ ಅರ್ಧ ಕಿಲೋಮೀಟರಿನಷ್ಟು ಉದ್ದಕ್ಕೂ ಅಂಗೈಯಗಲದ ಕೆಂಪು ಹೃದಯಗಳನ್ನು ಬರೆದಿದ್ದಾರೆ. ಕೊರೊನಾದಲ್ಲಿ ಸತ್ತ ಒಬ್ಬೊಬ್ಬರಿಗೆ ಒಂದೊಂದು ಹೃದಯ. ಮನೆಯವರನ್ನು ಕಳೆದುಕೊಂಡವರೇ 2021ರ ಮಾರ್ಚಿನಲ್ಲಿ ಕುಂಚ ಹಿಡಿದು ಶುರು ಮಾಡಿದ್ದು. ಬಿಸಿಲಿಗೆ ಬಣ್ಣ ಮಾಸಿದಾಗ ಸ್ವಯಂಸೇವಕರು ಮತ್ತೆ ತಿದ್ದುತ್ತಾರೆ. ಒಂದೊಂದು ಹೃದಯದೊಳಗೆ ಅಪ್ಪ, ಅಜ್ಜಿ ಎಂದು ಪೆನ್ನಿನಲ್ಲಿ ಬರೆದ ಹೆಸರುಗಳಿವೆ. ಕೊರೊನಾದ ಆ ಎರಡು ವರ್ಷಗಳನ್ನು ನಮ್ಮ ಓಣಿಗಳೂ ಕಂಡಿವೆ. ಆ ಗೋಡೆಯ ಮುಂದೆ ನೀವು ಪರದೇಶಿಯಲ್ಲ.

ಇನ್ನೂ ಮುಂದೆ, ಲ್ಯಾಂಬೆತ್ ಸೇತುವೆಯನ್ನೂ ಹಾಗೇ ಹಾದುಹೋದ ಕೂಡಲೇ ನದಿಯ ಅಂಚಿಗೆ ಒಂದು ಪುಟ್ಟ ತೋಟ. ಅಲ್ಲಿ ನಮ್ಮ ಬಸವಣ್ಣ ಇದ್ದಾರೆ. ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದ ಕಲಬುರಗಿ ಕಡೆಯ ಡಾಕ್ಟರ್ ನೀರಜ್ ಪಾಟೀಲರು ಓಡಾಡಿ ನಿಲ್ಲಿಸಿದ ಮೂರ್ತಿ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಹಿಂದೆ ವಾಹನಗಳ ರಸ್ತೆ, ಮುಂದೆ ಉಬ್ಬರವಿಳಿತಕ್ಕೆ ಏರಿಳಿಯುವ ನದಿ. ನೀವು ಹೋದ ಹೊತ್ತಿಗೆ ಬಹುಶಃ ಯಾರೂ ಇರುವುದಿಲ್ಲ. ಬೆಂಚಿನ ಮೇಲೆ ಕೂತು ಚೀಲದೊಳಗಿನ ರೊಟ್ಟಿ ಚಟ್ನಿ ಬಿಚ್ಚಿ. ನಾನು ಹಾಗೇ ಮಾಡಿದೆ. ನಾಯಿ ಹಿಡಿದುಕೊಂಡು ಬಂದ ಮುದುಕಿಯೊಬ್ಬಳು ಮೂರ್ತಿಯನ್ನೂ ನನ್ನನ್ನೂ ನೋಡಿ, “ಇವರು ನಿಮ್ಮವರೇ? ಏನು ಮಾಡಿದವರು?” ಎಂದು ಕೇಳಿದಳು. ಹನ್ನೆರಡನೇ ಶತಮಾನದಲ್ಲಿ ಎಲ್ಲ ಜಾತಿಯ ಗಂಡಸರನ್ನೂ ಹೆಂಗಸರನ್ನೂ ಒಂದೇ ಕಡೆ ಕೂಡಿಸಿ ಮಾತಾಡಲು ಹಚ್ಚಿದವರು, ದುಡಿಮೆಯೇ ದೇವರ ಪೂಜೆ ಎಂದವರು ಎಂದೆ. ಆಕೆ ಬೆಂಚಿನ ಇನ್ನೊಂದು ತುದಿಗೆ ಕೂತು ಬಹಳ ಹೊತ್ತು ಕೇಳಿದಳು. ಗುಂಪಿನಲ್ಲಿ ಹೋಗಿದ್ದರೆ ಆಕೆ ನನ್ನನ್ನು ಮಾತಾಡಿಸುತ್ತಿರಲಿಲ್ಲ. ಒಬ್ಬರೇ ಇದ್ದವರ ಹತ್ತಿರ ಜನ ಬರುತ್ತಾರೆ. ನೀವು ನಿಮ್ಮ ನಾಡನ್ನು ಎಷ್ಟು ಬಲ್ಲಿರಿ ಎಂಬ ಪರೀಕ್ಷೆ ನಡೆಯುವುದು ಆವಾಗಲೇ. ಆದ್ದರಿಂದ ಹೊರಡುವ ಮುಂಚೆ ಚೆನ್ನಮ್ಮ, ರಾಯಣ್ಣ, ಬೆಳವಡಿ ಮಲ್ಲಮ್ಮ, ಶಿರಸಂಗಿ ಲಿಂಗರಾಜರ ಬಗ್ಗೆ ನಾಲ್ಕು ಮಾತು ಸ್ಪಷ್ಟವಾಗಿ ಹೇಳುವಷ್ಟು ತಿಳಿದುಕೊಂಡು ಹೋಗಿ.

ಈಗ ಸ್ವಲ್ಪ ವ್ಯವಹಾರದ ಮಾತು. ಲಂಡನ್ನಿನ ಬಸ್ಸುಗಳಲ್ಲಿ ಕಂಡಕ್ಟರ್ ಇಲ್ಲ, 2014ರಿಂದ ರೊಕ್ಕವನ್ನೂ ತೆಗೆದುಕೊಳ್ಳುವುದಿಲ್ಲ. ಬ್ಯಾಂಕ್ ಕಾರ್ಡನ್ನೋ ಆಯ್‌ಸ್ಟರ್ ಕಾರ್ಡನ್ನೋ ಹಳದಿ ಯಂತ್ರಕ್ಕೆ ಮುಟ್ಟಿಸಬೇಕು. ಒಂದು ತಾಸಿನೊಳಗೆ ಎಷ್ಟು ಬಸ್ಸು ಬದಲಿಸಿದರೂ ಒಂದೇ ಚಾರ್ಜು. ಚಲಿಸುವ ಮೆಟ್ಟಿಲಿನ ಮೇಲೆ ಬಲಕ್ಕೆ ನಿಲ್ಲಿ, ಎಡಗಡೆ ಅವಸರದವರಿಗೆ ಬಿಡಿ. ರಸ್ತೆಯಂಚಿಗೆ ನಿಂತು ಫೋನ್ ನೋಡಬೇಡಿ. ಸೈಕಲ್ಲು, ಬೈಕಿನ ಮೇಲೆ ಬಂದು ಕಸಿದುಕೊಂಡು ಹೋಗುವ ಕಳ್ಳರು ಅಲ್ಲಿ ಬಹಳ. ದಾರಿ ನೋಡಬೇಕಾದರೆ ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡಿ. ಪಾಸ್‌ಪೋರ್ಟ್ ಕೋಣೆಯಲ್ಲಿ ಭದ್ರವಾಗಿರಲಿ, ನಕಲು ಚೀಲದಲ್ಲಿರಲಿ. ಇರುವ ಜಾಗದ ವಿಳಾಸವನ್ನು, ಎರಡು ಫೋನ್ ನಂಬರನ್ನು ಕಾಗದದ ಮೇಲೆ ಬರೆದು ಜೇಬಿನಲ್ಲಿಡಿ, ಫೋನಿನ ಜೀವ ಹೋದಾಗ ಅದೇ ಗತಿ. ನೀರಿನ ಬಾಟಲಿ, ಮಳೆಯಂಗಿ, ಒಂದು ಸಣ್ಣ ನೋಟ್‌ಬುಕ್ ಇದ್ದರೆ ಚೀಲ ಪೂರ್ತಿಯಾಯಿತು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಜೂನಿನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಅದನ್ನು ನೋಡಿಕೊಂಡು ದಿನ ಆರಿಸಿ. ತುರ್ತು ಬಂದರೆ 999.

ತಂಗಿಯರೇ, ಹೆದರಿಕೆ ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಹೆಣ್ಣುಮಕ್ಕಳಿಗೆ ಪೂರ್ತಿ ನಿರ್ಭಯವಾದ ಊರು ಭೂಮಿಯ ಮೇಲೆ ಎಲ್ಲೂ ಇಲ್ಲ. ಹಗಲು ಹೊತ್ತು, ಜನ ಓಡಾಡುವ ಬೀದಿ, ಹೊರಡುವ ಮುಂಚೆ ಗೆಳತಿಗೆ ಹೇಳಿದ ದಾರಿ, ಇಷ್ಟು ಇಟ್ಟುಕೊಳ್ಳಿ. ಯಾರಾದರೂ ಹಿಂದೆ ಬಿದ್ದಂತೆ ಅನ್ನಿಸಿದರೆ ಸಂಕೋಚ ಪಡದೆ ಅಂಗಡಿಯೊಳಗೆ, ಲೈಬ್ರರಿಯೊಳಗೆ ನುಗ್ಗಿ. ನಿಮ್ಮ ಒಳಗಿನ ಮನಸ್ಸು ಬೇಡ ಎಂದ ಕಡೆಯಿಂದ ಎದ್ದುಬಿಡಿ, ಯಾರಿಗೂ ಕಾರಣ ಕೊಡಬೇಕಿಲ್ಲ. ಹೀಗೆ ಎಚ್ಚರದಿಂದ ಒಂದು ದಿನ ನಡೆದು ಕೋಣೆಗೆ ಮರಳಿದ ರಾತ್ರಿ ನಿಮ್ಮ ಬಗ್ಗೆ ನಿಮಗೇ ಹೊಸ ಗೌರವ ಹುಟ್ಟುತ್ತದೆ. ಅದನ್ನು ಮುಂದೆ ಯಾರೂ ಕಸಿದುಕೊಳ್ಳಲಾರರು.

ಈ ಪತ್ರವನ್ನು ಅವ್ವ, ಅಪ್ಪನಿಗೂ ಓದಿ ಹೇಳಿ. ಹಿರಿಯರೇ, ನಿಮ್ಮ ಮಕ್ಕಳು ಒಬ್ಬರೇ ತಿರುಗಿದರೆ ಕೆಡುತ್ತಾರೆಂಬ ಚಿಂತೆ ಬಿಡಿ. ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನೆಲ್ಲ ಬಡಮಕ್ಕಳ ಓದಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಊರು ಬಿಟ್ಟು ಹೋದ ಮಕ್ಕಳು ದೊಡ್ಡವರಾಗಿ ಬರುತ್ತಾರೆಂಬ ನಂಬಿಕೆ ಈ ನೆಲಕ್ಕೆ ಹೊಸದಲ್ಲ. ದಿನಕ್ಕೆ ನಾಲ್ಕು ಬಾರಿ ವಿಡಿಯೊ ಕಾಲ್ ಮಾಡಿ ಎಲ್ಲಿದ್ದೀ ಎಂದು ಕೇಳುವುದಕ್ಕಿಂತ ರಾತ್ರಿ ಒಮ್ಮೆ ಮಾಡಿ, ಇವತ್ತು ಏನು ನೋಡಿದಿ ಎಂದು ಕೇಳಿ.

ಕಡೆಯ ಮಾತು ಎಲ್ಲಕ್ಕಿಂತ ಮುಖ್ಯವಾದದ್ದು. ರಜೆಗೆ ಊರಿಗೆ ಬಂದಾಗ ಅದೇ ಬೆನ್ನಚೀಲ ಹಾಕಿಕೊಂಡು ನಮ್ಮ ನಾಲ್ಕು ತಾಲೂಕನ್ನೂ ಪರದೇಶದ ಊರೆಂದೇ ತಿಳಿದು ನೋಡಿ. ಕಿತ್ತೂರು ಕೋಟೆಯ ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲಿ ಕೂಡಿಸಿದ ಕೊಳವೆ ಇದೆ, ಕಣ್ಣಿಟ್ಟು ನೋಡಿದ್ದೀರಾ? ಹತ್ತಿರದ ದೇಗಾಂವದ ಕಮಲನಾರಾಯಣ ಗುಡಿಯನ್ನು ಹನ್ನೆರಡನೇ ಶತಮಾನದಲ್ಲಿ ಕಟ್ಟಿಸಿದವಳು ಕದಂಬರ ರಾಣಿ ಕಮಲಾದೇವಿ. ಅಲ್ಲಿಯ ಶಾಸನವನ್ನೂ ಅಚ್ಚು ಮಾಡಿ ಲೋಕಕ್ಕೆ ತಿಳಿಸಿದವರು ಅದೇ ಫ್ಲೀಟ್. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ ಇದೆ. ಸವದತ್ತಿಯ ಹತ್ತಿರ ಹೂಲಿಯಲ್ಲಿ ಪಂಚಲಿಂಗೇಶ್ವರ ಗುಡಿ, ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು. ರಾಮದುರ್ಗದ ಕಡೆ ತೊರಗಲ್ಲಿನ ಕೋಟೆ, ಗೊಡಚಿ ವೀರಭದ್ರ, ಸುರೇಬಾನದ ಶಬರಿಕೊಳ್ಳ, 1939ರಲ್ಲಿ ಸಂಸ್ಥಾನದ ಆಳ್ವಿಕೆಯ ವಿರುದ್ಧ ಜನ ಎದ್ದ ಬೀದಿಗಳು. ಎಲ್ಲಕ್ಕೂ ಕೆಂಪು ಬಸ್ಸು ಹೋಗುತ್ತದೆ ಅಥವಾ ಹತ್ತಿರ ಇಳಿಸುತ್ತದೆ. ಪರದೇಶದಲ್ಲಿ ಪಾಚಿ ಹಿಡಿದ ಕಲ್ಲಿನ ಮುಂದೆ ಅರ್ಧ ತಾಸು ನಿಂತವರು ನಮ್ಮೂರ ಗುಡಿಯ ಕಲ್ಲಿನ ಮುಂದೆ ಐದು ನಿಮಿಷ ನಿಲ್ಲದೆ ಹೋದರೆ ಆ ತಿರುಗಾಟ ಅರ್ಧಕ್ಕೇ ನಿಂತಂತೆ.

ಆದ್ದರಿಂದ ಒಂದು ಬೇಡಿಕೆ. ಟಿಕೆಟ್ ತೆಗೆಸಿದ ದಿನವೇ ಆ ಒಂದು ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಡೆದು ಬಂದ ಮೇಲೆ ಕಂಡದ್ದನ್ನು, ಕೇಳಿದ್ದನ್ನು, ದಾರಿ ತಪ್ಪಿದ ಜಾಗವನ್ನು, ಬಸ್ಸಿನ ನಂಬರನ್ನು ಬಿಡದೆ ಕನ್ನಡದಲ್ಲಿ ನಾಲ್ಕು ಪುಟ ಬರೆಯಿರಿ. ಅದರ ಒಂದು ಪ್ರತಿಯನ್ನು ನೀವು ಕಲಿತ ಊರಿನ ಶಾಲೆಗೆ ಕಳಿಸಿ. ಮುಂದಿನ ವರ್ಷ ಹೊರಡುವ ಹುಡುಗಿಗೆ ಅದು ಬೇಕಾಗುತ್ತದೆ.

ಹೋಗಿಬನ್ನಿ. ಒಳ್ಳೆಯದಾಗಲಿ.

ಇಂತಿ,
ನಿಮ್ಮ ಸೀಮೆಯ ಅಕ್ಕ